ಹೊರವಲಯದ ವೋಟು ಯಾವ ಪಕ್ಷದ್ದು ಅಂತ ಕೇಳುವ ಮೊದಲು

ಚುನಾವಣೆ ಮುಗಿದ ಮೇಲೆ ಬರುವ ಫಾರ್ಮ್ 20 ಓದುವುದು ನನ್ನ ಕೆಲಸ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ವೋಟು ಬಿತ್ತು ಅನ್ನೋ ಲೆಕ್ಕ ಅದರಲ್ಲಿರುತ್ತದೆ, ಯಾರು ಬೇಕಾದರೂ ನೋಡಬಹುದು. ಬೆಂಗಳೂರಿನ ಹೊರವಲಯದ ಬಗ್ಗೆ ನನಗೆ ಸಾಮಾನ್ಯವಾಗಿ ಕೇಳಿಬರುವುದು ಒಂದೇ ಮಾತು: ಅಪಾರ್ಟ್‌ಮೆಂಟಿನವರು ಬಿಜೆಪಿ, ಹಳೇ ಹಳ್ಳಿಯವರು ಕಾಂಗ್ರೆಸ್ ಇಲ್ಲಾ ಜೆಡಿಎಸ್. ಪೂರ್ತಿ ಸುಳ್ಳಲ್ಲ. ಆದರೆ ಅಲ್ಲಿನ ತುಂಬಾ ಜನ ಇದು ಯಾವ ಚುನಾವಣೆ ಅಂತ ನೋಡಿ ವೋಟು ಹಾಕುತ್ತಾರೆ. ಅದನ್ನು ಬಿಟ್ಟು ಓದಿದರೆ ಅರ್ಧ ಫಲಿತಾಂಶ ಅರ್ಥವೇ ಆಗುವುದಿಲ್ಲ.

2019ರ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರವನ್ನೇ ತೆಗೆದುಕೊಳ್ಳಿ. ಅದರೊಳಗೆ ಎಂಟು ವಿಧಾನಸಭಾ ಕ್ಷೇತ್ರ. ಆಗ ಮಲ್ಲೇಶ್ವರ ಒಂದನ್ನು ಬಿಟ್ಟರೆ ಉಳಿದ ಏಳರಲ್ಲೂ ಕಾಂಗ್ರೆಸ್ ಅಥವಾ ಜೆಡಿಎಸ್ ಎಂಎಲ್‌ಎಗಳಿದ್ದರು, ಎರಡೂ ಪಕ್ಷ ಮೈತ್ರಿಯಲ್ಲಿದ್ದವು, ಅಭ್ಯರ್ಥಿಯಾಗಿ ನಿಂತವರು ಬ್ಯಾಟರಾಯನಪುರದ ಎಂಎಲ್‌ಎ ಕೃಷ್ಣ ಬೈರೇಗೌಡರು. ಕಾಗದದ ಮೇಲೆ ಸೋಲುವ ಮಾತೇ ಇರಲಿಲ್ಲ. ಬಿಜೆಪಿಯ ಸದಾನಂದ ಗೌಡರು 1.47 ಲಕ್ಷ ವೋಟಿನಿಂದ ಗೆದ್ದರು. ಹಾಗಂತ ಬ್ಯಾಟರಾಯನಪುರ ಕೃಷ್ಣ ಬೈರೇಗೌಡರನ್ನು ಕೈಬಿಟ್ಟಿತಾ? ಇಲ್ಲ, 2008ರಿಂದ ಗೆಲ್ಲಿಸುತ್ತಾ ಬಂದ ಹಾಗೆ 2023ರಲ್ಲೂ ಗೆಲ್ಲಿಸಿತು.

ಇನ್ನೊಂದು ಕಡೆ ನೋಡಿ. ಕೆ.ಆರ್. ಪುರದ ಬೈರತಿ ಬಸವರಾಜ, ಯಶವಂತಪುರದ ಎಸ್.ಟಿ. ಸೋಮಶೇಖರ್, ರಾಜರಾಜೇಶ್ವರಿ ನಗರದ ಮುನಿರತ್ನ. ಮೂವರೂ 2013, 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದವರು. ಬಿಜೆಪಿಗೆ ಹೋದರು, ಉಪಚುನಾವಣೆ ಗೆದ್ದರು. ಆಮೇಲೆ 2023ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ 135 ಸೀಟು ಬಾಚಿಕೊಂಡಾಗಲೂ ಬಿಜೆಪಿಯಿಂದಲೇ ಗೆದ್ದರು. ಇಲ್ಲಿ ಚಿಹ್ನೆ ಬದಲಾಯಿತು, ಆಳು ಬದಲಾಗಲಿಲ್ಲ. ಈ ಕ್ಷೇತ್ರಗಳು ಯಾವ ಪಕ್ಷದವು ಅಂತ ಹೇಳುತ್ತೀರಿ?

ಇದಕ್ಕೆ ಕಾರಣ ಊರು ಬೆಳೆದ ರೀತಿಯಲ್ಲಿದೆ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಮಾಡಿದರು. ಮನೆಗಳು ಮೊದಲು ಬಂದವು. ರಸ್ತೆ, ಚರಂಡಿ, ಕಾವೇರಿ ನೀರು ಆಮೇಲೆ. ಸರಿಯಾದ ಮಂಜೂರಾತಿ ಇಲ್ಲದ ಕಂದಾಯ ಲೇಔಟಿನಲ್ಲಿ ಸೈಟು ಕೊಂಡು, ಪೂರ್ತಿ ಸಕ್ರಮವಲ್ಲದ ಆಸ್ತಿಗೆ ಕೊಡುವ ಬಿ ಖಾತಾ ಹಿಡಿದುಕೊಂಡು ಕೂತವರಿಗೆ ಸಿದ್ಧಾಂತಕ್ಕಿಂತ ಫೋನ್ ಎತ್ತುವ ಎಂಎಲ್‌ಎ ಮುಖ್ಯ. ಬೋರ್‌ವೆಲ್ ಕೊರೆಸಿದ್ದು ಯಾರು, ಖಾತೆ ಕೆಲಸಕ್ಕೆ ಅಧಿಕಾರಿಗೆ ಹೇಳಿದ್ದು ಯಾರು, ಬೀದಿಗೆ ಟಾರು ಹಾಕಿಸಿದ್ದು ಯಾರು ಅನ್ನುವುದು ನೆನಪಿರುತ್ತದೆ. ಅದೇ ಮನೆಯವರು ಎಂಪಿ ಚುನಾವಣೆಗೆ ದಿಲ್ಲಿಯಲ್ಲಿ ಯಾರು ಕೂರಬೇಕು ಅಂತ ನೋಡುತ್ತಾರೆ. ಇದರಲ್ಲಿ ಗೊಂದಲವೇನೂ ಇಲ್ಲ. ಎರಡು ಬೇರೆ ಪ್ರಶ್ನೆಗೆ ಎರಡು ಬೇರೆ ಉತ್ತರ, ಅಷ್ಟೇ ಅಲ್ವಾ?

ವಾರ್ಡಿಗೆ ಯಾರು ಬೇಕು ಅನ್ನುವ ಮೂರನೆಯ ಪ್ರಶ್ನೆಯನ್ನು ಮಾತ್ರ ಅವರನ್ನು ವರ್ಷಗಟ್ಟಲೆ ಯಾರೂ ಕೇಳಲಿಲ್ಲ. ನನಗೆ ನಿಜಕ್ಕೂ ಬೇಜಾರು ಇರುವುದು ಇಲ್ಲೇ. ಬಿಬಿಎಂಪಿ ಚುನಾವಣೆ ಕೊನೆಯದಾಗಿ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು, ಆಮೇಲೆ ಕಾರ್ಪೊರೇಟರೇ ಇರಲಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು, ಅಲ್ಲಿಯವರೆಗೂ ಆಡಳಿತ ಅಧಿಕಾರಿಗಳ ಕೈಯಲ್ಲೇ ಇತ್ತು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕೇಳಿದಷ್ಟು ಕೊಟ್ಟ ಜನ ಏಪ್ರಿಲ್ 26ಕ್ಕೆ ವೋಟು ಹಾಕಿದರು. ನೀರಿಲ್ಲದ ಸಿಟ್ಟು ಯಾರ ಮೇಲೆ ತಿರುಗಿತು ಅಂತ ಆಮೇಲೆ ಎಷ್ಟೋ ಜನ ನನ್ನನ್ನು ಕೇಳಿದರು. ಲೋಕಸಭೆಯ ವೋಟಿನಲ್ಲಿ ಅದನ್ನು ಹುಡುಕಿದರೆ ಸಿಗುವುದು ಕಷ್ಟ. ನೀರಿಗೆ ಜವಾಬು ಹೇಳಬೇಕಾದವರು ಆ ಮತಯಂತ್ರದಲ್ಲಿ ಇರಲೇ ಇಲ್ಲ.

ಮತದಾನ ಕಡಿಮೆ ಅಂತ ಬೈಯುವುದೂ ವಾಡಿಕೆ. 2024ರಲ್ಲಿ ಬೆಂಗಳೂರು ಉತ್ತರ, ಸೆಂಟ್ರಲ್, ದಕ್ಷಿಣ ಮೂರರಲ್ಲೂ ಶೇ. 54ರ ಆಸುಪಾಸು, ರಾಜ್ಯದಲ್ಲಿ ಶೇ. 70ಕ್ಕಿಂತ ಜಾಸ್ತಿ. ಸೋಮಾರಿತನ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬಾಡಿಗೆಯವರು ಮನೆ ಬದಲಿಸಿ ಮಾರತ್‌ಹಳ್ಳಿಯಿಂದ ಹೊರಮಾವಿಗೆ ಹೋಗುತ್ತಾರೆ, ಹೆಸರು ಹಳೇ ಬೂತಿನಲ್ಲೇ ಉಳಿಯುತ್ತದೆ. ಹೋದವರು ಪಟ್ಟಿಯಲ್ಲಿರುತ್ತಾರೆ, ಬಂದವರು ಇರುವುದಿಲ್ಲ. ಅಂಥ ಪಟ್ಟಿಯ ಮೇಲೆ ಶೇಕಡಾ ತೆಗೆದರೆ ಅದು ಕಡಿಮೆ ಬಾರದೆ ಇನ್ನೇನು? ಇನ್ನು ರಾಯಚೂರು, ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡಿಕೊಂಡು ಶೆಡ್ಡಿನಲ್ಲಿರುವವರು. ಅವರ ವೋಟು ಊರಲ್ಲಿರುತ್ತದೆ, ಕಷ್ಟ ಇಲ್ಲಿರುತ್ತದೆ. ಯಾವ ಬೂತಿನ ಲೆಕ್ಕದಲ್ಲೂ ಆ ಕಷ್ಟ ಕಾಣುವುದಿಲ್ಲ.

ಮಹದೇವಪುರದ ಮಾತು ಬಂದೇ ಬರುತ್ತದೆ. 2023ರಲ್ಲಿ ಬಿಜೆಪಿ ಆ ಕ್ಷೇತ್ರವನ್ನು ಗೆದ್ದದ್ದು 44 ಸಾವಿರ ಚಿಲ್ಲರೆ ವೋಟಿನಿಂದ. ಮರುವರ್ಷದ ಲೋಕಸಭೆಯಲ್ಲಿ ಅಲ್ಲಿ ಬಿಜೆಪಿಯ ಪಿ.ಸಿ. ಮೋಹನ್ ಅವರಿಗೆ ಸಿಕ್ಕ ಲೀಡ್ 1.14 ಲಕ್ಷ, ಬೆಂಗಳೂರು ಸೆಂಟ್ರಲ್‌ನಲ್ಲಿ ಅವರು ಗೆದ್ದ ಒಟ್ಟು ಅಂತರ 32,707. ಅಂದರೆ ಹೊರವಲಯದ ಒಂದೇ ಕ್ಷೇತ್ರ ಇಡೀ ಫಲಿತಾಂಶ ತಿರುಗಿಸಿತು. ಅಲ್ಲಿನ ಪಟ್ಟಿಯಲ್ಲಿ ಲಕ್ಷಕ್ಕೂ ಹೆಚ್ಚು ನಕಲಿ ವೋಟುಗಳಿವೆ ಅಂತ 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಆರೋಪಿಸಿದರು, ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿತು. ಫಾರ್ಮ್ 20 ಹಿಡಿದುಕೊಂಡು ಯಾರಾದರೂ ಈ ವಿಷಯ ತೀರ್ಮಾನ ಮಾಡಲು ಹೊರಟರೆ ನಂಬಬೇಡಿ. ಅದರಲ್ಲಿ ಬಿದ್ದ ವೋಟು ಕಾಣುತ್ತದೆ, ಹಾಕಿದವರು ಯಾರು ಅಂತ ಕಾಣುವುದಿಲ್ಲ. ಪಟ್ಟಿ ಸರಿಯಿದೆಯೋ ಇಲ್ಲವೋ ಅಂತ ಗೊತ್ತಾಗಬೇಕಾದರೆ ಮನೆ ಮನೆಗೆ ಹೋಗಿಯೇ ನೋಡಬೇಕು.

ಇದೇ ಕಾರಣಕ್ಕೆ ಸುಮ್ನೆ ಒಂದು ಬೂತಿನ ಅಂಕಿ ನೋಡಿ "ಆ ಅಪಾರ್ಟ್‌ಮೆಂಟಿನವರು ಇಂಥವರಿಗೇ ಹಾಕಿದರು" ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಎಷ್ಟೋ ಬೂತುಗಳಲ್ಲಿ ಹಳೇ ಊರಿನ ಎರಡು ಬೀದಿ, ಒಂದು ಲೇಔಟು, ಅರ್ಧ ಅಪಾರ್ಟ್‌ಮೆಂಟು ಒಟ್ಟಿಗೇ ಇರುತ್ತವೆ. ಪಟ್ಟಿ ತೆಗೆದು ಬೂತಿನ ಗಡಿ ನೋಡಿ, ಎಂಎಲ್‌ಎ ಮತ್ತು ಎಂಪಿ ಚುನಾವಣೆ ಎರಡರ ಅಂಕಿಯನ್ನೂ ಪಕ್ಕ ಪಕ್ಕ ಇಡಿ. ವಾರ್ಡ್ ಚುನಾವಣೆಯ ಲೆಕ್ಕ ಬಂದಾಗ ಅದನ್ನೂ ಅಲ್ಲೇ ಸೇರಿಸಿ. ಅದು ಉಳಿದೆರಡಕ್ಕೆ ಹೊಂದಿಕೆಯಾಗದಿದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ.