ಚರ್ಚಿನ ಆತಿಥ್ಯ ಮತ್ತು ಹಣದ ಪ್ರಶ್ನೆ

ಕೆನಡಾಕ್ಕೆ ಬರುವ ನಿರಾಶ್ರಿತರಿಗೆ ನೆಲೆ ಕಲ್ಪಿಸುವುದು ನನ್ನ ಕೆಲಸ. ಅವರ ಮೊದಲ ವರ್ಷದ ಖರ್ಚಿನ ಹೊಣೆ ಹೊತ್ತು ಪ್ರಾಯೋಜಕತ್ವ ವಹಿಸಿಕೊಳ್ಳುವ ಚರ್ಚ್ ಸಮಿತಿಗಳನ್ನು ನಾನು ಮೊದಲು ಕೇಳುವುದು, ಹಣ ಯಾರ ಕೈಯಲ್ಲಿರುತ್ತದೆ ಎಂದು. ಹಾಸಿಗೆ, ಪಾತ್ರೆ, ಚಳಿಗಾಲದ ಕೋಟುಗಳ ಪಟ್ಟಿ ಹಿಡಿದು ಉತ್ಸಾಹದಿಂದ ಬಂದವರಿಗೆ ಇದು ತುಸು ಒರಟಾಗಿ ಕೇಳಿಸುತ್ತದೆ.

ಚರ್ಚುಗಳು ಹೀಗೆ ನಿರಾಶ್ರಿತರ ಹೊಣೆ ಹೊರುವ ಪದ್ಧತಿ ಹೊಸದಲ್ಲ. 1979ರ ಮಾರ್ಚ್‌ನಲ್ಲಿ ಸರ್ಕಾರದೊಂದಿಗೆ ಇಂಥ ಪ್ರಾಯೋಜಕತ್ವದ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ಸೇವಾ ಸಂಸ್ಥೆಯಾದ ಮೆನ್ನೊನೈಟ್ ಸೆಂಟ್ರಲ್ ಕಮಿಟಿ. ಆ ಪಂಥದ ಹಲವರ ಹಿರಿಯರೂ 1920ರ ದಶಕದಲ್ಲಿ ಸೋವಿಯತ್ ನೆಲ ಬಿಟ್ಟು ಬಂದವರೇ. 1979–80ರಲ್ಲಿ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಬಂದ ಸುಮಾರು 60,000 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಹೊಣೆ ಹೊತ್ತದ್ದು ಚರ್ಚುಗಳೂ ಸೇರಿದಂತೆ ಖಾಸಗಿ ಗುಂಪುಗಳು.

ಪ್ರಾಯೋಜಕರು ಸಾಮಾನ್ಯವಾಗಿ 12 ತಿಂಗಳ ಬಾಡಿಗೆ, ಊಟ, ಬಟ್ಟೆಯ ಹೊಣೆಯನ್ನು ಬರವಣಿಗೆಯಲ್ಲಿ ಒಪ್ಪಿಕೊಂಡಿರುತ್ತಾರೆ. ಹಾಗಾಗಿ ಆ ಹಣ ದಾನವಲ್ಲ, ಕೊಡಲೇಬೇಕಾದದ್ದು. ಆದರೂ ಖಜಾಂಚಿಯೇ ಬಾಡಿಗೆ ಕಟ್ಟಿ, ಇನ್ನೊಬ್ಬರು ಅಂಗಡಿಗೆ ಕರೆದೊಯ್ದು ಪಕ್ಕದಲ್ಲಿ ನಿಲ್ಲುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಮೊದಲ ವಾರವೇ ಬ್ಯಾಂಕ್ ಖಾತೆ ತೆರೆಸಿ, ದುಭಾಷಿಯನ್ನು ಕೂರಿಸಿಕೊಂಡು ಲೆಕ್ಕ ವಿವರಿಸಿ, ತಿಂಗಳ ಮೊತ್ತವನ್ನು ಅವರ ಖಾತೆಗೇ ಹಾಕಿ. ಮೊದಲ ತಿಂಗಳಲ್ಲೇ ದೊಡ್ಡ ಟಿವಿ ಕೊಂಡರು ಎಂಬ ದೂರು ನನಗೆ ಆಗಾಗ ಬರುತ್ತದೆ. ಕೊಳ್ಳಲಿ ಬಿಡಿ. ಮಕ್ಕಳು ಹೊರಗೆ ಕಾಲಿಡಲಾಗದ ಚಳಿಯಲ್ಲಿ ನೀವಾದರೂ ಅದನ್ನೇ ಕೊಳ್ಳುತ್ತಿದ್ದಿರಿ.

ಶಾಲೆಗೆ ಹೋಗುವ ಮಗುವನ್ನು ದುಭಾಷಿ ಮಾಡಬೇಡಿ. ತಾಯಿಯ ಕಾಯಿಲೆಯ ಸುದ್ದಿಯನ್ನು ವೈದ್ಯರಿಂದ ಕೇಳಿ ತಾಯಿಗೆ ಹೇಳುವ ಪಾಡು ಅದಕ್ಕೆ ಬೇಡ. ಚರ್ಚಿನ ಪತ್ರಿಕೆಯಲ್ಲಿ ಫೋಟೊವೂ ಬೇಡ, ಊರಲ್ಲೇ ಉಳಿದ ಬಂಧುಗಳಿಗೆ ಅದರಿಂದ ಅಪಾಯವಾಗಬಹುದು. ಭಾನುವಾರದ ಆರಾಧನೆಯ ವಿಷಯ ಇನ್ನೂ ಸೂಕ್ಷ್ಮ. ಮುಸ್ಲಿಂ ಕುಟುಂಬವೊಂದು ಪ್ರತಿ ವಾರ ಹಿಂದಿನ ಸಾಲಿನಲ್ಲಿ ಬಂದು ಕೂರುತ್ತಿದ್ದರೆ ಸಮಿತಿ ಸಂಭ್ರಮಿಸುವುದುಂಟು. ನನಗೆ ಮಾತ್ರ ಆತಂಕವಾಗುತ್ತದೆ. ಬರದಿದ್ದರೂ ನಿಮಗೆ ಸಲ್ಲಬೇಕಾದದ್ದರಲ್ಲಿ ಒಂದು ಡಾಲರ್ ಕೂಡ ಕಡಿಮೆಯಾಗುವುದಿಲ್ಲ ಎಂದು ಮೊದಲ ದಿನವೇ ಯಾರಾದರೂ ಬಾಯಿಬಿಟ್ಟು ಹೇಳಿರಬೇಕು.

ನಿಜವಾದ ಪರೀಕ್ಷೆ ಹದಿಮೂರನೆಯ ತಿಂಗಳು. ಚರ್ಚಿನ ಹಣ ನಿಲ್ಲುವ ಹೊತ್ತಿಗೇ, ವಿಮಾನದ ಟಿಕೆಟ್ಟಿಗೆಂದು ಸರ್ಕಾರದಿಂದ ಪಡೆದ ಸಾಲದ ಕಂತು ಶುರುವಾಗುತ್ತದೆ. ಅದಕ್ಕೆ ಬಡ್ಡಿಯಿಲ್ಲ, ಆದರೆ ಕಂತಂತೂ ಕಟ್ಟಬೇಕು. ಆದ್ದರಿಂದ ಒಂಬತ್ತನೆಯ ತಿಂಗಳಿನಿಂದಲೇ ಬಿಲ್ಲುಗಳನ್ನು ಕುಟುಂಬದವರೇ ಕಟ್ಟಿ ರೂಢಿಯಾಗಲಿ. ಸಂಬಳ ಸಾಲದವರು ಪ್ರಾಂತೀಯ ಸರ್ಕಾರದ ನೆರವಿಗೆ ಅರ್ಜಿ ಹಾಕಿದರೆ, ಸಮಿತಿ ಅದನ್ನು ತನ್ನ ಸೋಲೆಂದು ಮುಖ ಸಪ್ಪೆ ಮಾಡಿಕೊಳ್ಳಬೇಕಾಗಿಲ್ಲ. ಕೆಲವರು ನಂಟರಿರುವ ಬೇರೆ ಊರಿಗೇ ಹೊರಟು ನಿಲ್ಲುತ್ತಾರೆ. ಆಗ ಇಷ್ಟೆಲ್ಲ ಮಾಡಿದೆವಲ್ಲ ಎಂದು ಲೆಕ್ಕ ಒಪ್ಪಿಸದೆ, ಸಾಮಾನು ಸಾಗಿಸಲು ವ್ಯಾನ್ ಗೊತ್ತುಮಾಡಿ ಕೊಡಿ.