ಗರ್ಭದ ವಾರ ಎಣಿಸುವುದು ಎಲ್ಲಿಂದ?

ಕುಟುಂಬ, ಗರ್ಭಧಾರಣೆ ಮತ್ತು ಮಗುವಿಗಾಗಿ ತಯಾರಿ ಕುರಿತ ಈ ಪಾಠದಲ್ಲಿ ಕುಟುಂಬದ ವಿಧಗಳು ಸುಲಭ. ಗಂಡ, ಹೆಂಡತಿ, ಮಕ್ಕಳು ಮಾತ್ರ ಇದ್ದರೆ ವಿಭಕ್ತ ಕುಟುಂಬ. ಅಜ್ಜ-ಅಜ್ಜಿ, ದೊಡ್ಡಪ್ಪ-ಚಿಕ್ಕಪ್ಪಂದಿರ ಸಂಸಾರ ಎಲ್ಲ ಒಂದೇ ಒಲೆಯಲ್ಲಿ ಉಂಡರೆ ಅವಿಭಕ್ತ. ತಾಯಿ ಅಥವಾ ತಂದೆ ಒಬ್ಬರೇ ಸಾಕಿದರೆ ಏಕಪೋಷಕ ಕುಟುಂಬ. ತುಳುನಾಡಿನ ಅಳಿಯಸಂತಾನದಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತದೆ, ಅದನ್ನೂ ಉದಾಹರಣೆ ಕೊಡಿ. ಬಾಣಂತನ ತವರಿನಲ್ಲಿ ಮುಗಿಯಬಹುದು. ವಾಪಸ್ ಬಂದ ಮೇಲೆ ರಾತ್ರಿ ಮಗು ಅತ್ತರೆ ಯಾರು ಏಳುತ್ತಾರೆ? ಗಂಡ-ಹೆಂಡತಿ ಇದನ್ನು ಮೊದಲೇ ಮಾತಾಡಿಕೊಳ್ಳುವುದೂ ತಯಾರಿಯೇ.

ತಲೆ ತಿನ್ನುವುದು ವಾರದ ಲೆಕ್ಕ. ಮುಟ್ಟು ತಪ್ಪಿ ಒಂದೆರಡು ದಿನ ಆಗಿರುತ್ತದೆ, ಡಾಕ್ಟರ್ ಆಗಲೇ "4 ವಾರ" ಎನ್ನುತ್ತಾರೆ. ಹೇಗೆ?

ಗರ್ಭ ಕಟ್ಟಿದ ದಿನ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಕೊನೆಯ ಮುಟ್ಟು ಶುರುವಾದ ದಿನ ನೆನಪಿರುತ್ತದೆ. ಹಾಗಾಗಿ ಎಣಿಕೆ ಅಲ್ಲಿಂದಲೇ. 28 ದಿನದ ಚಕ್ರ ಎಂದುಕೊಳ್ಳಿ. ಮುಟ್ಟು ಶುರುವಾಗಿದ್ದು ಜನವರಿ 10. ಅಂಡಾಣು ಬಿಡುಗಡೆ, ಫಲೀಕರಣ ಸುಮಾರು ಜನವರಿ 24ಕ್ಕೆ. ಮುಂದಿನ ಮುಟ್ಟು ಬರಬೇಕಿದ್ದದ್ದು ಫೆಬ್ರವರಿ 7. ಆ ದಿನ ಲೆಕ್ಕದಲ್ಲಿ 4 ವಾರ, ಭ್ರೂಣಕ್ಕೆ ನಿಜವಾಗಿ 2 ವಾರ. ಅಂದರೆ ಮೊದಲ 2 ವಾರ ಹೊಟ್ಟೆಯಲ್ಲಿ ಭ್ರೂಣವೇ ಇರಲಿಲ್ಲ! ಇದೊಂದು ಒಪ್ಪಿಕೊಂಡರೆ ಉಳಿದದ್ದೆಲ್ಲ ಸಲೀಸು.

ಫಲೀಕರಣ ಆಗುವುದು ಗರ್ಭನಾಳದಲ್ಲಿ. ಗರ್ಭಕೋಶಕ್ಕೆ ಅಂಟಿಕೊಳ್ಳಲು ಇನ್ನೂ 6ರಿಂದ 10 ದಿನ ಬೇಕು. ಆಮೇಲೇ ಗರ್ಭ ನಿಂತದ್ದನ್ನು ತೋರಿಸುವ ಎಚ್‌ಸಿಜಿ ಹಾರ್ಮೋನು ಮೂತ್ರದಲ್ಲಿ ಕಾಣುವುದು. ಅದಕ್ಕೇ ಅವಸರಪಟ್ಟು ಪರೀಕ್ಷೆ ಮಾಡಿದರೆ ಸುಮ್ನೆ ನೆಗೆಟಿವ್ ಬರಬಹುದು. ಮುಟ್ಟು ತಪ್ಪಿದ ಮೇಲೆ ಮಾಡಿ. ಆಶಾ ಕಾರ್ಯಕರ್ತೆಯರ ಹತ್ತಿರ ಈ ಪರೀಕ್ಷೆಯ ನಿಶ್ಚಯ್ ಕಿಟ್ ಕೇಳಬಹುದು.

ಈ ಲೆಕ್ಕ ಬೇಕಾಗುವುದು ಗರ್ಭದ ಪರೀಕ್ಷೆಗೆ ಮಾತ್ರ ಅಲ್ಲ. ಮಗುವಿನ ಮಿದುಳು, ಬೆನ್ನುಹುರಿ ಆಗುವ ನರಕೊಳವೆ ಫಲೀಕರಣವಾಗಿ ಸುಮಾರು 28 ದಿನಕ್ಕೆ ಮುಚ್ಚಿಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಫೆಬ್ರವರಿ 21, ಅಂದರೆ 6 ವಾರ. ಮುಟ್ಟು ತಪ್ಪಿ ಬರೀ 2 ವಾರ ಅಲ್ವಾ? "ಇನ್ನೂ ಸ್ವಲ್ಪ ದಿನ ನೋಡೋಣ" ಎನ್ನುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಅದಕ್ಕೇ ನರಕೊಳವೆ ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಸಿಡ್ ಅನ್ನು ದಿನಕ್ಕೆ 400 ಮೈಕ್ರೋಗ್ರಾಂನಂತೆ ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಶುರುಮಾಡಿ ಎನ್ನುವುದು. ಹಿಂದಿನ ಮಗುವಿಗೆ ನರಕೊಳವೆ ಸರಿಯಾಗಿ ಮುಚ್ಚದ ತೊಂದರೆ ಆಗಿದ್ದರೆ ಜಾಸ್ತಿ ಬೇಕಾಗುತ್ತದೆ, ಪ್ರಮಾಣ ಡಾಕ್ಟರೇ ಹೇಳಬೇಕು. ತಾಯಿ ಕಾರ್ಡ್‌ಗೂ 12 ವಾರದೊಳಗೆ ಹೆಸರು ಬರೆಸಿ.

ಹೆರಿಗೆ ದಿನಕ್ಕೆ ನನ್ನ ಇಷ್ಟದ ದಾರಿ: ಕೊನೆಯ ಮುಟ್ಟು ಶುರುವಾದ ದಿನಕ್ಕೆ 7 ದಿನ ಕೂಡಿಸಿ, 3 ತಿಂಗಳು ಹಿಂದೆ ಹೋಗಿ. ಜನವರಿ 10 ಆದರೆ 17, ಹಿಂದೆ ಹೋದರೆ ಅಕ್ಟೋಬರ್ 17. ಸರಿಯಾಗಿ 280 ದಿನ. ಚಕ್ರ 35 ದಿನದ್ದಾದರೆ ಅಂಡಾಣು ಒಂದು ವಾರ ತಡ, ದಿನಾಂಕವೂ ಒಂದು ವಾರ ಮುಂದೆ: ಅಕ್ಟೋಬರ್ 24. ತಿಂಗಳು ದಾಟುವಾಗ ಮೊದಲು 7 ಕೂಡಿಸಿ, ಆಮೇಲೆ ಹಿಂದೆ ಹೋಗಿ. ಮೇ 28 ಜೂನ್ 4 ಆಗುತ್ತದೆ, ಉತ್ತರ ಮುಂದಿನ ವರ್ಷದ ಮಾರ್ಚ್ 4.