ಎದುರಾಳಿಗೂ ಅಷ್ಟೇ ನೀರು: ಗ್ರೀಕರ ಭಾಷಣಕಲೆ ಸಾಗಿಬಂದ ದಾರಿ

ಭಾಷಣ ಕಲಿಸುವ ತರಗತಿಗಳಲ್ಲಿ ಅರಿಸ್ಟಾಟಲ್‌ನ ಹೆಸರು ಬಂದೇ ಬರುತ್ತದೆ. ಮಾತುಗಾರಿಕೆಯೆಂದರೆ ಮರುಳು ಮಾಡುವ ವಿದ್ಯೆ ಎಂದು ಜರೆಯುವವರು ಪ್ಲೇಟೊನ ಹೆಸರು ಹೇಳುತ್ತಾರೆ. ಎರಡೂ ಕಡೆಯವರು ಗ್ರೀಕರನ್ನೇ ಸಾಕ್ಷಿಗೆ ಕರೆಯುವುದರಿಂದ ವಿಷಯ ಗೋಜಲಾಗಿದೆ. ಈ ಕಲೆ ಹುಟ್ಟಿದ್ದು ಎಲ್ಲಿ, ಯಾರಿಗಾಗಿ ಎಂಬುದನ್ನು ನೋಡಿದರೆ ಗೋಜಲು ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಹಳಬರು ಹೇಳುವಂತೆ ಅದು ಹುಟ್ಟಿದ್ದು ಜಮೀನಿನ ವ್ಯಾಜ್ಯದಲ್ಲಿ. ಕ್ರಿ.ಪೂ. 5ನೇ ಶತಮಾನದಲ್ಲಿ ಸಿಸಿಲಿಯ ಸಿರಕ್ಯೂಸ್ ನಗರದಲ್ಲಿ ಸರ್ವಾಧಿಕಾರ ಉರುಳಿದಾಗ, ಕಳೆದುಕೊಂಡ ಆಸ್ತಿ ವಾಪಸ್ ಕೇಳಿ ಜನ ನ್ಯಾಯಸ್ಥಾನದ ಮುಂದೆ ನಿಂತರು. ಹೇಗೆ ವಾದಿಸಬೇಕೆಂದು ಅವರಿಗೆ ಹೇಳಿಕೊಟ್ಟವರು ಕೊರಾಕ್ಸ್ ಮತ್ತು ಟಿಸಿಯಾಸ್ ಎಂದು ಪ್ರತೀತಿ. ಕ್ರಿ.ಪೂ. 427ರಲ್ಲಿ ಅದೇ ದ್ವೀಪದ ಗೋರ್ಗಿಯಾಸ್ ರಾಯಭಾರಿಯಾಗಿ ಅಥೆನ್ಸಿಗೆ ಬಂದು, ತನ್ನ ಮಾತಿನ ಲಯದಿಂದ ಆ ಊರನ್ನೇ ಬೆರಗುಗೊಳಿಸಿದ.

ಅಥೆನ್ಸಿನ ನ್ಯಾಯಾಲಯದಲ್ಲಿ ಇಂದಿನಂಥ ವಕೀಲರಿರಲಿಲ್ಲ, ಕಾನೂನು ವಿವರಿಸಿ ಹೇಳುವ ನ್ಯಾಯಾಧೀಶರೂ ಇರಲಿಲ್ಲ. ವರ್ಷಕ್ಕೆ 6,000 ನಾಗರಿಕರ ಹೆಸರು ಪಟ್ಟಿಯಾಗುತ್ತಿತ್ತು, ಎಲ್ಲರೂ ಮೂವತ್ತು ದಾಟಿದವರು. ಚೀಟಿ ಎತ್ತಿ ಆರಿಸಿದ 201, 401 ಅಥವಾ 501 ಜನ ಕೂತು ವಾದ ಕೇಳಿ, ತಮ್ಮತಮ್ಮಲ್ಲಿ ಚರ್ಚಿಸದೆ ನೇರ ಮತ ಹಾಕುತ್ತಿದ್ದರು. ಮೊಕದ್ದಮೆ ಯಾರದೋ ಅವರೇ ಎದ್ದುನಿಂತು ಮಾತಾಡಬೇಕು. ಬಾರದವರು ಹಣ ಕೊಟ್ಟು ಭಾಷಣ ಬರೆಸಿಕೊಂಡು ಬಾಯಿಪಾಠ ಮಾಡುತ್ತಿದ್ದರು.

ಹಾಗೆ ಬರೆದುಕೊಡುವವರಲ್ಲಿ ಲಿಸಿಯಾಸ್ ದೊಡ್ಡ ಹೆಸರು. ದಿನಕ್ಕೊಂದು ಒಬೊಲ್ (ಸಣ್ಣ ಬೆಳ್ಳಿ ನಾಣ್ಯ) ಭತ್ಯೆ ಪಡೆಯುತ್ತಿದ್ದ ಅಂಗವಿಕಲನೊಬ್ಬನ ಮೇಲೆ, ಇವನು ಕುದುರೆ ಸವಾರಿ ಮಾಡುತ್ತಾನೆ, ಗಟ್ಟಿಮುಟ್ಟಾಗಿದ್ದಾನೆ ಎಂಬ ದೂರು ಬಂದಿತ್ತು. ಲಿಸಿಯಾಸ್ ಅವನ ಬಾಯಿಂದ ಆಡಿಸಿದ ಉತ್ತರ ಸರಳ: ಕುದುರೆ ನನ್ನದಲ್ಲ, ಎರವಲು ತಂದದ್ದು, ಬೇರೆಯವರು ಒಂದು ಕೋಲು ಹಿಡಿದರೆ ನಾನು ಎರಡು ಹಿಡಿಯುತ್ತೇನೆ, ಅದೂ ಗಟ್ಟಿತನಕ್ಕೆ ಸಾಕ್ಷಿಯೋ? ಬಡ ಕಸುಬುದಾರನೊಬ್ಬ ಸಹಜವಾಗಿ ಆಡುವ ಮಾತು ಅದು. ಬರೆದವನು ಎಲ್ಲೂ ಕಾಣಿಸುವುದಿಲ್ಲ.

ಅಥೆನ್ಸಿನ ಹೆಸರಾಂತ ಭಾಷಣಕಾರ ಡೆಮಾಸ್ತನೀಸ್ ಎಂದರೆ ಎಲ್ಲರಿಗೂ ನೆನಪಾಗುವುದು ಬಾಯಲ್ಲಿ ಹರಳುಕಲ್ಲು ಇಟ್ಟುಕೊಂಡು ಉಚ್ಚಾರಣೆ ತಿದ್ದಿಕೊಂಡ ಕತೆ. ಅವನ ಮೊದಲ ಮೊಕದ್ದಮೆಯ ಭಾಷಣ ಇಂದಿಗೂ ಉಳಿದಿದೆ, ಅದನ್ನು ಓದುವವರು ಕಡಿಮೆ. ಏಳನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಹುಡುಗನ ಆಸ್ತಿಯನ್ನು ಪೋಷಕರು ಕರಗಿಸಿದ್ದರು. ಇಪ್ಪತ್ತರ ಆಸುಪಾಸಿನಲ್ಲಿ ಅವರ ಮೇಲೆ ದಾವೆ ಹೂಡಿದ ಅವನು ಅಲ್ಲಿ ಮಾಡಿದ್ದು ಲೆಕ್ಕ ಒಪ್ಪಿಸುವ ಕೆಲಸ. ಕತ್ತಿ ತಯಾರಿಸುವ ಕಾರ್ಖಾನೆಯ ಆದಾಯ ಇಷ್ಟು, ಮಂಚ ಮಾಡುವವರದು ಇಷ್ಟು, ಸಾಲ ಕೊಟ್ಟದ್ದು ಇಷ್ಟು. ಅಂದಿನ ಹಣದ ಲೆಕ್ಕದಲ್ಲಿ ಒಟ್ಟು ಸುಮಾರು 14 ಟ್ಯಾಲೆಂಟ್, ಅಂದರೆ 840 ಮಿನಾ. ಕೈಗೆ ಬಂದದ್ದು ಸುಮಾರು 70 ಮಿನಾ. ಒಂದೊಂದು ಬಾಬ್ತು ಮುಗಿದಾಗಲೂ ಸಾಕ್ಷಿ ಕರೆಸಿದ. ಗೆದ್ದ.

ಪ್ಲೇಟೊನ ಆಕ್ಷೇಪ ಹಗುರವಾದುದಲ್ಲ. ಮಕ್ಕಳೇ ತೀರ್ಪು ಕೊಡುವಲ್ಲಿ ವೈದ್ಯನ ಮೇಲೆ ಅಡುಗೆಯವನು ದೂರು ಹೇಳಿದರೆ ಗೆಲ್ಲುವವನು ಯಾರೆಂದು ಅವನ ಸಂವಾದದಲ್ಲಿ ಬರುವ ಸಾಕ್ರಟೀಸ್ ಕೇಳುತ್ತಾನೆ. ಅರಿಸ್ಟಾಟಲ್ ಇದಕ್ಕೆ ಬೇರೆ ದಾರಿ ಹಿಡಿದ. ಮಾತುಗಾರನ ನಡತೆ, ಕೇಳುಗರ ಭಾವ, ವಾದದ ಯುಕ್ತಿ ಮೂರೂ ಬೇಕೆಂದ; ಬರೀ ಭಾವ ಕೆರಳಿಸುವುದನ್ನೇ ಕಲಿಸಿದ ಹಿಂದಿನವರನ್ನು ಟೀಕಿಸಿದ. ಆಮೇಲೆ ರೋಮ್, ಮಧ್ಯಯುಗದ ಮಠಗಳು, ಯುರೋಪಿನ ವಿಶ್ವವಿದ್ಯಾಲಯಗಳು: ಎರಡು ಸಾವಿರ ವರ್ಷ ಭಾಷಣಕಲೆ ಪಠ್ಯವಾಗಿಯೇ ಉಳಿಯಿತು.

ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ತೂಕ ವಾದದಿಂದ ಹಾವಭಾವಕ್ಕೆ ಜಾರಿದೆ. ಸಂವಹನದಲ್ಲಿ ಪದಗಳ ಪಾಲು ಶೇ. 7 ಮಾತ್ರ ಎಂಬ ಮಾತನ್ನು ತರಬೇತಿಗಳಲ್ಲಿ ಧಾರಾಳವಾಗಿ ಹೇಳುತ್ತಾರೆ. ಅದು ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದದ್ದು. ಪದ, ದನಿ, ಮುಖ ಒಂದಕ್ಕೊಂದು ಹೊಂದದಿದ್ದಾಗ ಕೇಳುಗರು ಭಾವನೆಯನ್ನು ಹೇಗೆ ಊಹಿಸುತ್ತಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಬಜೆಟ್ ಭಾಷಣಕ್ಕೂ ಗ್ರಾಮಸಭೆಗೂ ಅದನ್ನು ಅನ್ವಯಿಸುವುದು ತಪ್ಪು.

ಮಾತಿನ ಅಪಾಯ ಅಥೆನ್ಸಿನವರಿಗೆ ಗೊತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಕಡಿವಾಣ ಮಣ್ಣಿನ ಪಾತ್ರೆ. ತಳದ ತೂತಿನಿಂದ ನೀರು ಸುರಿದು ಮುಗಿಯುವವರೆಗೆ ಮಾತು, ಮತ್ತೆ ಎದುರಾಳಿಗೂ ಅಷ್ಟೇ ನೀರು. ಅಥೆನ್ಸಿನ ಹಳೆಯ ಪೇಟೆ ಚೌಕವಾದ ಅಗೋರಾದ ಉತ್ಖನನದಲ್ಲಿ ಸಿಕ್ಕ ಒಂದು ಪಾತ್ರೆ ಖಾಲಿಯಾಗಲು ಸುಮಾರು 6 ನಿಮಿಷ ಬೇಕು. ಖಾಸಗಿ ದಾವೆಗಳಲ್ಲಿ ಸಾಕ್ಷಿ ಹೇಳಿಕೆ ಓದುವಾಗ ತೂತು ಮುಚ್ಚುತ್ತಿದ್ದರು, ಸಾಕ್ಷ್ಯಕ್ಕೆ ವಾದದ ಹೊತ್ತು ಖರ್ಚಾಗಬಾರದೆಂದು. ಈ ಸಮಾನತೆ ಬಹುಮಟ್ಟಿಗೆ ನಾಗರಿಕ ಗಂಡಸರಿಗೆ ಸೀಮಿತವಾಗಿತ್ತು. ಹೆಂಗಸರಿಗೂ ಗುಲಾಮರಿಗೂ ಅಲ್ಲಿ ನಿಂತು ವಾದಿಸುವ ಹಕ್ಕಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಶಾಲೆಗಳ ಚರ್ಚಾಸ್ಪರ್ಧೆಯಲ್ಲಿ ಪರ, ವಿರೋಧ ಇಬ್ಬರಿಗೂ ಒಂದೇ ಅವಧಿ ಕೊಟ್ಟು ಗಂಟೆ ಹೊಡೆಯುವ ಪದ್ಧತಿ ಇದೆ. ಪ್ರಚಾರ ವೇದಿಕೆಗಳಲ್ಲಿ, ಮೊಬೈಲಿನ ತುಣುಕು ವಿಡಿಯೊಗಳಲ್ಲಿ ಎರಡನೇ ಭಾಷಣಕ್ಕೆ ಜಾಗವೇ ಇಲ್ಲ. ಒಂದೇ ವಿಷಯವನ್ನು ಎರಡೂ ಕಡೆಯಿಂದ ವಾದಿಸಲು ಬರಬೇಕು, ಆಗಲೇ ಸುಳ್ಳು ವಾದ ಮುರಿಯಲು ಸಾಧ್ಯ ಎಂದು ಅರಿಸ್ಟಾಟಲ್ ಹೇಳಿದ್ದ. ಕೈ ಹೇಗೆ ಆಡಿಸಬೇಕೆಂದು ಕಲಿಸುವ ತರಗತಿಗಳು ಈ ಅಭ್ಯಾಸವನ್ನೂ ಪಾಠಪಟ್ಟಿಗೆ ಸೇರಿಸಿಕೊಳ್ಳಬೇಕು.